ಗೆದ್ದ ಅಧ್ಯಕ್ಷರ ಬಾಗಿಲಲ್ಲಿ ಯಾರನ್ನು ಕೂರಿಸಬೇಕು?

ನೀವು ಎರಡು ವಿಷಯ ಕೇಳಿದ್ದೀರಿ. ಅಮೆರಿಕದಲ್ಲಿ ಅಧ್ಯಕ್ಷರಾಗಿ ಗೆದ್ದವರು ಮಂತ್ರಿಗಳಿಗಿಂತ ಮೊದಲೇ ‘ಚೀಫ್ ಆಫ್ ಸ್ಟಾಫ್’, ಅಂದರೆ ಅಧ್ಯಕ್ಷರ ಕಚೇರಿ ನಡೆಸುವ ಮುಖ್ಯಸ್ಥರು, ಯಾರು ಅಂತ ಯಾಕೆ ಹೇಳುತ್ತಾರೆ? ಚುನಾವಣೆಯಲ್ಲಿ ಜೊತೆಗೆ ದುಡಿದ ಆಪ್ತರನ್ನೇ ಆ ಜಾಗಕ್ಕೆ ಹಾಕಿದರೆ ತಪ್ಪೇನು?

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆಪ್ತರನ್ನು ಹಾಕಿದರೆ ತಪ್ಪಿಲ್ಲ. ಆದರೆ ಅಧ್ಯಕ್ಷರ ಮುಖಕ್ಕೇ ‘ಇದು ಬೇಡ’ ಅನ್ನುವ ಧೈರ್ಯ ಅವರಿಗೆ ಇರಬೇಕು. ಬೇರೆಯವರಿಗೆ ‘ಈಗ ಒಳಗೆ ಬಿಡಲ್ಲ’ ಅನ್ನುವ ಅಧಿಕಾರವನ್ನು ಅಧ್ಯಕ್ಷರೂ ಮನಸಾರೆ ಕೊಟ್ಟಿರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಎಂಥ ಬುದ್ಧಿವಂತರನ್ನು ತಂದು ಕೂರಿಸಿದರೂ ಕೆಲಸ ನಡೆಯಲ್ಲ.

ಇನ್ನು ಮೊದಲೇ ಯಾಕೆ ಅನ್ನುವುದು. ನವೆಂಬರ್ ಮೊದಲ ವಾರದಲ್ಲಿ ಮತದಾನ, ಜನವರಿ 20ರ ಮಧ್ಯಾಹ್ನ ಪ್ರಮಾಣವಚನ. ನಡುವೆ ಸಿಗುವುದು ಸುಮಾರು ಹನ್ನೊಂದು ವಾರ ಅಷ್ಟೇ. ಅಧ್ಯಕ್ಷರು ತುಂಬಬೇಕಾದ ಹುದ್ದೆಗಳು ಹತ್ತಿರ ಹತ್ತಿರ 4,000. ಅದರಲ್ಲಿ ಸಾವಿರಕ್ಕೂ ಜಾಸ್ತಿ ಹುದ್ದೆಗಳಿಗೆ ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯ ಒಪ್ಪಿಗೆ ಬೇಕು. ಚೀಫ್ ಆಫ್ ಸ್ಟಾಫ್‌ಗೆ ಅದು ಬೇಡ, ಅಧ್ಯಕ್ಷರು ಹೆಸರು ಹೇಳಿದರೆ ಮುಗಿಯಿತು. ಮಿಕ್ಕ ನೇಮಕಾತಿಗಳ ಪಟ್ಟಿ ಹಿಡಿದು ಕೂರುವವರು ಒಬ್ಬರು ಬೇಕಲ್ವಾ? ಅದಕ್ಕೇ ಈ ಹೆಸರು ಮೊದಲು ಬರುತ್ತದೆ. ಒಬಾಮಾ 2008ರ ನವೆಂಬರ್ 4ರಂದು ಗೆದ್ದರು, ಎರಡೇ ದಿನದಲ್ಲಿ ರಾಮ್ ಇಮ್ಯಾನುಯೆಲ್ ಒಪ್ಪಿಕೊಂಡಾಗಿತ್ತು. 2024ರಲ್ಲಿ ಟ್ರಂಪ್ ಕೂಡ ಎರಡು ದಿನದಲ್ಲಿ ಸೂಸಿ ವೈಲ್ಸ್ ಹೆಸರು ಹೇಳಿದರು. ಆ ಕುರ್ಚಿಗೆ ಬಂದ ಮೊದಲ ಹೆಂಗಸು ಅವರು.

ಕೆಲಸ ಏನು ಅಂದರೆ, ಬಾಗಿಲು ಮತ್ತು ಕಾಗದ. ಅಧ್ಯಕ್ಷರ ಕೋಣೆಗೆ ಯಾರು ಹೋಗಬೇಕು, ಎಷ್ಟು ಹೊತ್ತು. ಅವರ ಮೇಜಿನ ಮೇಲೆ ಯಾವ ಕಾಗದ ಬರಬೇಕು, ಬರುವ ಮುಂಚೆ ಅದನ್ನು ಯಾರು ಯಾರು ಓದಿರಬೇಕು. ಕೇಳುವುದಕ್ಕೆ ಗುಮಾಸ್ತರ ಕೆಲಸದಂತೆ ಕಾಣಬಹುದು. ಆದರೆ ನನ್ನ ಮಟ್ಟಿಗೆ ಇಡೀ ಆಡಳಿತ ನಿಂತಿರುವುದೇ ಅದರ ಮೇಲೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಮುಖ್ಯಸ್ಥರ ಪಿ.ಎ. ಆಗಿ 19 ವರ್ಷ ಕೆಲಸ ಮಾಡಿದವಳು ನಾನು. ಒಮ್ಮೆ ಹೊಸದಾಗಿ ಬಂದ ಸಾಹೇಬರು ‘ನನ್ನ ಬಾಗಿಲು ಎಲ್ಲರಿಗೂ ತೆರೆದಿರಲಿ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಒಂದು ದಿನ ಬೆಳಗ್ಗೆ ಅವರು ಕಾರು ಹತ್ತುವ ಹೊತ್ತಿಗೆ ಪ್ರೊಡಕ್ಷನ್‌ನವರು ನೋಟ್ ಶೀಟ್ ತಂದು, ಬಾನೆಟ್ ಮೇಲೆ ಇಟ್ಟು ಸಹಿ ಹಾಕಿಸಿಕೊಂಡರು. ಓವರ್‌ಟೈಮ್ ಮುಂದುವರಿಸಬಹುದು ಅಂತ. ಮಧ್ಯಾಹ್ನ ಊಟದ ಹೊತ್ತಿಗೆ ಅಕೌಂಟ್ಸ್‌ನವರು ಇನ್ನೊಂದು ಫೈಲು ತಂದರು. ಓವರ್‌ಟೈಮ್ ನಿಲ್ಲಿಸಬೇಕು ಅಂತ. ಎರಡರ ಮೇಲೂ ಅದೇ ಸಹಿ, ಅದೇ ತಾರೀಖು. ಎರಡೂ ನನ್ನ ಇನ್‌ವರ್ಡ್ ರಿಜಿಸ್ಟರ್‌ಗೆ ಬಂದೇ ಇರಲಿಲ್ಲ. ಸಂಬಳದ ದಿನ ಕಾರ್ಮಿಕರು ಗೇಟಿನ ಹತ್ತಿರ ಸೇರಿದಾಗಲೇ ನಮಗೆಲ್ಲ ಗೊತ್ತಾದದ್ದು. ಸಾಹೇಬರು ಕೆಟ್ಟವರಲ್ಲ, ದಡ್ಡರೂ ಅಲ್ಲ. ಅವರ ಮುಂದೆ ಎರಡು ಕಾಗದವನ್ನೂ ಒಟ್ಟಿಗೆ ಇಡುವವರು ಇರಲಿಲ್ಲ, ಅಷ್ಟೇ.

ವೈಟ್ ಹೌಸ್‌ನಲ್ಲೂ ಇದೇ ನಡೆದಿದೆ. ನಿಕ್ಸನ್ ಕಾಲದಲ್ಲಿ ಎಚ್. ಆರ್. ಹಾಲ್ಡಮನ್ ಬಾಗಿಲನ್ನು ಗೋಡೆಯನ್ನಾಗಿ ಮಾಡಿದ್ದರು. ಇಂದಿನ ಚೀಫ್ ಆಫ್ ಸ್ಟಾಫ್ ಕೆಲಸದ ಪದ್ಧತಿಯನ್ನು ಬಹಳಮಟ್ಟಿಗೆ ಕಟ್ಟಿದವರೂ ಅವರೇ. ಎಲ್ಲರನ್ನೂ ತಡೆದರು, ಆದರೆ ವಾಟರ್‌ಗೇಟ್ ವಿಷಯದಲ್ಲಿ (ವಿರೋಧ ಪಕ್ಷದ ಕಚೇರಿಗೆ ಕಳ್ಳರಂತೆ ನುಗ್ಗಿದ್ದನ್ನು ಮುಚ್ಚಿಹಾಕಿದ ಹಗರಣ ಅದು) ತಡೆಯಬೇಕಾದ ಒಬ್ಬರನ್ನು, ಅಂದರೆ ಅಧ್ಯಕ್ಷರನ್ನೇ, ತಡೆಯಲಿಲ್ಲ. 1973ರಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಹದಿನೆಂಟು ತಿಂಗಳು ಜೈಲಿನಲ್ಲಿದ್ದರು. 1974ರಲ್ಲಿ ಬಂದ ಜೆರಾಲ್ಡ್ ಫೋರ್ಡ್ ಇದನ್ನು ನೋಡಿ ಹೆದರಿ, ಗೋಡೆಯೇ ಬೇಡ ಅಂದರು. ಸೈಕಲ್ ಚಕ್ರದ ಥರ ತಾನು ನಡುವೆ, ಸಲಹೆಗಾರರೆಲ್ಲ ಸುತ್ತ ಕಡ್ಡಿಗಳು, ಎಲ್ಲರೂ ನೇರ ತನ್ನ ಹತ್ತಿರ ಬರಲಿ ಅಂತ. ಕೆಲವೇ ವಾರದಲ್ಲಿ ಸಾಕಾಗಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರನ್ನು ಕರೆಸಿಕೊಂಡರು. ಅವರ ನಂತರ ಅದೇ ಜಾಗಕ್ಕೆ ಡಿಕ್ ಚೇನಿ ಬಂದರು. ಆಗ ಅವರಿಗೆ 34 ವರ್ಷ. ಫೋರ್ಡ್ ಸೋತು ಎಲ್ಲರೂ ಹೊರಡುವಾಗ ಸಿಬ್ಬಂದಿ ಚೇನಿಗೆ ಒಂದು ಉಡುಗೊರೆ ಕೊಟ್ಟರು. ಹಲಗೆಗೆ ಜೋಡಿಸಿದ ಸೈಕಲ್ ಚಕ್ರ, ಒಂದು ಬಿಟ್ಟು ಮಿಕ್ಕ ಕಡ್ಡಿಯೆಲ್ಲ ಮುರಿದದ್ದು. ಚೇನಿ ಅದನ್ನು ಮನೆಗೆ ಒಯ್ಯಲಿಲ್ಲ. ಮುಂದೆ ಬರಲಿದ್ದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಆಪ್ತ ಹ್ಯಾಮಿಲ್ಟನ್ ಜೋರ್ಡನ್‌ಗೆ ಅಂತ, ಚಕ್ರದ ಕಡ್ಡಿಗಳ ಬಗ್ಗೆ ಎಚ್ಚರ ಅಂತ ಚೀಟಿ ಬರೆದು, ಅಲ್ಲೇ ಬಿಟ್ಟುಹೋದರು.

ಜಿಮ್ಮಿ ಕಾರ್ಟರ್ ಮಾತ್ರ ಚೀಫ್ ಆಫ್ ಸ್ಟಾಫ್ ಅನ್ನುವ ಹುದ್ದೆಯನ್ನೇ ತುಂಬಲಿಲ್ಲ. ತುಂಬಿದ್ದು 1979ರ ಜುಲೈನಲ್ಲಿ, ಎರಡೂವರೆ ವರ್ಷ ಕಳೆದ ಮೇಲೆ. ಆಗ ಆ ಕುರ್ಚಿಗೆ ಬಂದವರು ಚುನಾವಣೆಯ ತಂತ್ರ ಹೆಣೆದಿದ್ದ ಇದೇ ಜೋರ್ಡನ್. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು.

ಈಗ ನನಗೆ ತುಂಬಾ ಇಷ್ಟವಾದ ಆಯ್ಕೆಗೆ ಬರುತ್ತೇನೆ. 1980ರಲ್ಲಿ ರೊನಾಲ್ಡ್ ರೇಗನ್ ಗೆದ್ದಾಗ ಎಲ್ಲರೂ ಎಡ್ವಿನ್ ಮೀಸ್ ಅವರೇ ಚೀಫ್ ಆಫ್ ಸ್ಟಾಫ್ ಅಂದುಕೊಂಡಿದ್ದರು. ರೇಗನ್ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದಾಗಿನಿಂದ ಜೊತೆಗಿದ್ದವರು, ರೇಗನ್ ಮನಸ್ಸು ಗೊತ್ತಿದ್ದವರು. ಆದರೆ ಕಾಗದ ಪತ್ರ ಅಚ್ಚುಕಟ್ಟಾಗಿ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿಲ್ಲ, ಅವರ ಬ್ರೀಫ್‌ಕೇಸ್‌ಗೆ ಹೋದದ್ದು ವಾಪಸ್ ಬರಲ್ಲ ಅಂತ ಜೊತೆಯವರೇ ಹೇಳುತ್ತಿದ್ದರು. ಸ್ಟುವರ್ಟ್ ಸ್ಪೆನ್ಸರ್, ಮೈಕೆಲ್ ಡೀವರ್ ಎಂಬ ಇಬ್ಬರು ಸಲಹೆಗಾರರು ಬೇರೆ ಹೆಸರು ಮುಂದಿಟ್ಟರು. ಜೇಮ್ಸ್ ಬೇಕರ್. ನ್ಯಾನ್ಸಿ ರೇಗನ್ ಕೂಡ ಒಪ್ಪಿದರು.

ಈ ಬೇಕರ್ ಯಾರು ಗೊತ್ತಾ? ಹ್ಯೂಸ್ಟನ್‌ನ ವಕೀಲರು. 1976ರಲ್ಲಿ ಪಕ್ಷದೊಳಗೆ ರೇಗನ್ ವಿರುದ್ಧ ಫೋರ್ಡ್ ಪರ ಒಬ್ಬೊಬ್ಬರೇ ಪ್ರತಿನಿಧಿಗಳನ್ನು ಕೂಡಿಸಿದವರು. 1980ರಲ್ಲಿ ಮತ್ತೆ ರೇಗನ್ ವಿರುದ್ಧ ಜಾರ್ಜ್ ಬುಷ್ ಅವರ ಪ್ರಚಾರ ನಡೆಸಿದವರು. ಎರಡು ಸಲ ತನ್ನನ್ನು ಸೋಲಿಸಲು ಓಡಾಡಿದ ಮನುಷ್ಯನ ಕೈಗೆ ರೇಗನ್ ಬಾಗಿಲ ಕೀಲಿ ಕೊಟ್ಟರು! ಇದಕ್ಕೆ ದೊಡ್ಡ ಮನಸ್ಸು ಬೇಕು. ತನ್ನ ಸ್ವಭಾವದ ಅರಿವೂ ಬೇಕು. ದಿನದ ವಿವರಗಳಲ್ಲಿ ರೇಗನ್‌ಗೆ ಆಸಕ್ತಿ ಕಡಿಮೆ ಇತ್ತು. ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮತ್ತು ವಾಷಿಂಗ್ಟನ್ ಎರಡೂ ಗೊತ್ತಿದ್ದವರು ಪಕ್ಕದಲ್ಲಿ ಬೇಕಿತ್ತು.

ಮೀಸ್ ಅವರಿಗೆ ನೋವಾಗದೆ ಇರುತ್ತದೆಯೇ? ಆದ್ದರಿಂದ ಬೇಕರ್, ಮೀಸ್ ಇಬ್ಬರೂ ಕೂತು ಒಂದು ಹಾಳೆಯ ಮೇಲೆ ಕೆಲಸ ಹಂಚಿಕೊಂಡರು. ಒಂದು ಕಡೆ ಮೀಸ್, ಇನ್ನೊಂದು ಕಡೆ ಬೇಕರ್. ಮೀಸ್‌ಗೆ ಮಂತ್ರಿಗಳಿಗೆ ಸಮನಾದ ಸ್ಥಾನ, ಸಂಪುಟದ ಉಸ್ತುವಾರಿ, ನೀತಿ ರೂಪಿಸುವ ಹೊಣೆ. ಓದಿದರೆ ಅವರ ಕಡೆಯೇ ತೂಕ ಜಾಸ್ತಿ ಅನಿಸುತ್ತದೆ. ಬೇಕರ್ ಕಡೆ ಬಂದದ್ದು ಸಿಬ್ಬಂದಿಯನ್ನು ತೆಗೆದುಕೊಳ್ಳುವ, ತೆಗೆದುಹಾಕುವ ಅಧಿಕಾರ, ಅಧ್ಯಕ್ಷರ ಹತ್ತಿರ ಹೋಗಿಬರುವ ಎಲ್ಲ ಕಾಗದ, ಅವರ ದಿನಚರಿ, ಮತ್ತೆ ಚೀಫ್ ಆಫ್ ಸ್ಟಾಫ್ ಕೂರುತ್ತಿದ್ದ ಆ ಕೋಣೆ. ಫೈಲು ನೋಡಿದವರಿಗೆ ಈ ಹಾಳೆ ತಕ್ಷಣ ಅರ್ಥವಾಗುತ್ತದೆ. ಬಾಗಿಲು, ಕಾಗದ ಎರಡೂ ಯಾವ ಕಡೆ ಇವೆ ನೋಡಿ. ಮುಂದಿನ ನಾಲ್ಕು ವರ್ಷ ಆ ಕಚೇರಿ ನಡೆದ ರೀತಿಯನ್ನು ಇವತ್ತಿಗೂ ಮಾದರಿ ಅಂತ ಹೇಳುತ್ತಾರೆ.

1985ರಲ್ಲಿ ಬೇಕರ್ ಮತ್ತು ಹಣಕಾಸು ಕಾರ್ಯದರ್ಶಿ (ನಮ್ಮಲ್ಲಿ ಹಣಕಾಸು ಮಂತ್ರಿ ಇದ್ದ ಹಾಗೆ) ಡೊನಾಲ್ಡ್ ರೀಗನ್ (ಹೆಸರು ಹತ್ತಿರ ಇದ್ದರೂ ಅಧ್ಯಕ್ಷ ರೇಗನ್ ಬೇರೆ, ಇವರು ಬೇರೆ) ತಮ್ಮತಮ್ಮಲ್ಲೇ ಜಾಗ ಬದಲಾಯಿಸಿಕೊಳ್ಳುವ ಮಾತಾಡಿ ಅಧ್ಯಕ್ಷರ ಮುಂದಿಟ್ಟರು. ಅವರು ಜಾಸ್ತಿ ಏನೂ ಕೇಳದೆ ಹೂಂ ಅಂದರು. ಇದು ನನಗೆ ಇವತ್ತಿಗೂ ಬೇಸರ ತರುವ ವಿಷಯ. ದೊಡ್ಡ ಷೇರು ಕಂಪನಿಯ ಮುಖ್ಯಸ್ಥರಾಗಿದ್ದ ರೀಗನ್‌ಗೆ ತಾನೇ ಯಜಮಾನನಾಗಿ ಇದ್ದು ರೂಢಿ. ಒಮ್ಮೆ ನ್ಯಾನ್ಸಿ ಅವರ ಜೊತೆ ಮಾತಾಡುತ್ತಲೇ ಫೋನ್ ಕುಕ್ಕಿದರು. ಇರಾನ್‌ಗೆ ಆಯುಧ ಮಾರಿದ ಹಗರಣ ಬಂದಾಗ ಅವರ ಪರ ನಿಲ್ಲುವವರೇ ಇರಲಿಲ್ಲ. 1987ರ ಫೆಬ್ರವರಿಯಲ್ಲಿ ತನ್ನ ಜಾಗಕ್ಕೆ ಬೇರೆಯವರು ಬಂದ ಸುದ್ದಿ ಟಿವಿಯಿಂದ ತಿಳಿದು, ಒಂದೇ ಸಾಲಿನ ರಾಜೀನಾಮೆ ಬರೆದು ಹೋದರು.

ಆಪ್ತರ ವಿಷಯಕ್ಕೆ ಕ್ಲಿಂಟನ್ ಉದಾಹರಣೆ ನೋಡಿ. 1992ರಲ್ಲಿ ಅವರು ಆರಿಸಿದ್ದು ಮ್ಯಾಕ್ ಮ್ಯಾಕ್‌ಲಾರ್ಟಿ ಅವರನ್ನು. ಅರ್ಕಾನ್ಸಾಸ್‌ನ ಹೋಪ್ ಎಂಬ ಊರಲ್ಲಿ ಶಿಶುವಿಹಾರದಿಂದ ಜೊತೆಗಿದ್ದ ಗೆಳೆಯ. ಸಜ್ಜನರು, ಎಲ್ಲರಿಗೂ ಬೇಕಾದವರು. ಆದರೆ ಸಭೆಗಳು ಮುಗಿಯುತ್ತಲೇ ಇರಲಿಲ್ಲ, ಯಾರು ಬೇಕಾದರೂ ಒಳಗೆ ನುಗ್ಗುತ್ತಿದ್ದರು. 1994ರಲ್ಲಿ ಲಿಯಾನ್ ಪನೆಟ್ಟಾ ಬಂದು ಬಾಗಿಲು ಹಾಕಿದ ಮೇಲೆ ಒಂದು ಹದಕ್ಕೆ ಬಂತು. ಹಾಗಂತ ಹಳಬರೆಲ್ಲ ಬೇಡ ಅನ್ನಬೇಡಿ. ಬೈಡನ್ ಆರಿಸಿದ ರಾನ್ ಕ್ಲೇನ್, ಬೈಡನ್ ಜೊತೆ 1980ರ ದಶಕದ ಕೊನೆಯಿಂದ ಕೆಲಸ ಮಾಡಿದವರು. ಆದರೆ ಅಷ್ಟರಲ್ಲಿ ಕ್ಲೇನ್ ಇಬ್ಬರು ಉಪಾಧ್ಯಕ್ಷರ ಕಚೇರಿಗಳನ್ನು ನಡೆಸಿ ಪಳಗಿದ್ದರು. ಸ್ನೇಹದ ಜೊತೆ ಕಸುಬೂ ಗೊತ್ತಿತ್ತು.

ಕೊನೆಗೆ ನಿಮಗೊಂದು ಮಾತು. ಮುಂದಿನ ಸಲ ಹೆಸರು ಪ್ರಕಟವಾದಾಗ ಪಕ್ಕದಲ್ಲಿ ಇನ್ನೊಂದು ಹೆಸರು ಇದೆಯಾ ನೋಡಿ. 2016ರ ನವೆಂಬರ್‌ನಲ್ಲಿ ಟ್ರಂಪ್ ಅವರ ಕಡೆಯ ಹೇಳಿಕೆಯಲ್ಲಿ ರೈನ್ಸ್ ಪ್ರೀಬಸ್ ಚೀಫ್ ಆಫ್ ಸ್ಟಾಫ್ ಅಂತ ಇತ್ತು. ಆದರೆ ಅವರ ಹೆಸರಿಗಿಂತ ಮೊದಲು ಟ್ರಂಪ್ ಪ್ರಚಾರ ನಡೆಸಿದ್ದ ಸ್ಟೀವ್ ಬ್ಯಾನನ್ ಹೆಸರು ಇತ್ತು, ಇಬ್ಬರೂ ಸಮಾನ ಪಾಲುದಾರರು ಅಂತಲೂ ಬರೆದಿತ್ತು. ಅದನ್ನು ಓದಿದ ದಿನವೇ ನನಗೆ ಆ ಕಾರ್ ಬಾನೆಟ್ ನೆನಪಾಯಿತು. ಪ್ರೀಬಸ್ ಅಲ್ಲಿ ಇದ್ದದ್ದು ಆರು ತಿಂಗಳ ಮೇಲೆ ಒಂದು ವಾರ. 2017ರ ಜುಲೈ 28ರಂದು ವಾಷಿಂಗ್ಟನ್ ಹತ್ತಿರದ ಆಂಡ್ರೂಸ್ ವಾಯುನೆಲೆಯಲ್ಲಿ ಅಧ್ಯಕ್ಷರ ವಿಮಾನ ಇಳಿದು ನಿಂತಿತ್ತು. ಮಳೆ ಸುರಿಯುತ್ತಿತ್ತು. ಹೊಸ ಚೀಫ್ ಆಫ್ ಸ್ಟಾಫ್ ಜಾನ್ ಕೆಲ್ಲಿ ಅಂತ ಟ್ವೀಟ್ ಬಂತು. ಪ್ರೀಬಸ್ ಹತ್ತಿದ ಕಾರು ಅಧ್ಯಕ್ಷರ ಕಾರುಗಳ ಸಾಲಿನಿಂದ ಹೊರಬಂದು ಬೇರೆ ದಾರಿ ಹಿಡಿಯಿತು.