ಮಾಳಿಗೆ ಸೋರುತ್ತದೆ, ಕಾಯುತ್ತದೆ: ಮೊದಲು ಯಾವ ಕೆಲಸ?

ಪ್ರಶ್ನೆ: ನಮ್ಮದು 15 ವರ್ಷದ ಆರ್‌ಸಿಸಿ ಮನೆ. ಮಳೆಗಾಲದಲ್ಲಿ ಪ್ಯಾರಾಪೆಟ್ ಕೆಳಗಿನ ಗೋಡೆ ನೆನೆಯುತ್ತದೆ, ಬೇಸಿಗೆಯಲ್ಲಿ ನಡುರಾತ್ರಿಯಾದರೂ ಛಾವಣಿಯ ಝಳ ಇಳಿಯುವುದಿಲ್ಲ. ಬಿಳಿ ಕೋಟಿಂಗ್ ಹೊಡೆಸಿದರೆ ಎರಡೂ ಸರಿಹೋಗುತ್ತವೆಯೇ?
– ಓದುಗರು, ರಾಯಚೂರು

ಉತ್ತರ: ಝಳ ಒಂದಿಷ್ಟು ತಗ್ಗೀತು, ಸೋರಿಕೆ ನಿಲ್ಲುವುದಿಲ್ಲ. ಇಟ್ಟಿಗೆಯ ಪ್ಯಾರಾಪೆಟ್ಟೂ ಕಾಂಕ್ರೀಟ್ ಸ್ಲ್ಯಾಬೂ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ. ಅವು ಕೂಡುವ ಮೂಲೆಯಲ್ಲಿ ಬರೀ ಸಿಮೆಂಟ್ ಗಾರೆ ಇದ್ದರೆ ಬಿರಿಯುತ್ತದೆ. ನೀರು ಇಳಿಯುವುದು ಹೆಚ್ಚಾಗಿ ಅಲ್ಲಿಂದಲೇ.

ಸಡಿಲ ಗಾರೆ ಕಿತ್ತು, ಬಿರುಕುಗಳನ್ನು 10 ಮಿ.ಮೀ. ಆಳದ ‘ವಿ’ ಆಕಾರಕ್ಕೆ ಕೊರೆಸಿ, ಎಸ್‌ಬಿಆರ್ ಲೇಟೆಕ್ಸ್ (ಗಾರೆಯ ಹಿಡಿತ ಹೆಚ್ಚಿಸುವ ರಬ್ಬರ್ ದ್ರವ) ಬೆರೆಸಿದ 1:3 ಸಿಮೆಂಟ್-ಮರಳಿನ ಗಾರೆ ತುಂಬಿಸಿ. ಮೂಲೆಯುದ್ದಕ್ಕೂ ಅದೇ ಗಾರೆಯಿಂದ 75 ಮಿ.ಮೀ. ಗೋಲಾ (ಮೂಲೆಯನ್ನು ದುಂಡಾಗಿಸುವ ಗಾರೆಯ ಪಟ್ಟಿ) ಕಟ್ಟಿಸಿ. ಆಮೇಲೆ ಬಳಿಯುವ ಕೋಟಿಂಗ್ ಚೂಪು ಮೂಲೆಯಲ್ಲಿ ಸೀಳುತ್ತದೆ, ಗೋಲಾದ ಮೇಲೆ ಸೀಳುವುದಿಲ್ಲ. ಇಳಿಜಾರು 100 ಅಡಿಗೆ ಕನಿಷ್ಠ 1 ಅಡಿಯಾದರೂ ಇರಲಿ. ನೀರು ನಿಲ್ಲುವ ತಾರಸಿಗೆ ಎಷ್ಟು ದುಬಾರಿ ಕೋಟಿಂಗ್ ಬಳಿದರೂ ಹಣ ದಂಡ.

ಆಮೇಲೆ ನೀರು ತಡೆಯುವ ಪಾಲಿಮರ್ ಕೋಟಿಂಗ್: ಮೊದಲ ಕೈ ಹಸಿಯಿರುವಾಗಲೇ ಫೈಬರ್ ಮೆಶ್ ಹಾಸಿ, ಮರುದಿನ ಅದಕ್ಕೆ ಅಡ್ಡಲಾಗಿ ಎರಡನೇ ಕೈ. ಪ್ಯಾರಾಪೆಟ್ ಮೇಲೆ 300 ಮಿ.ಮೀ. ಎತ್ತರಕ್ಕೆ, ಮಳೆನೀರಿನ ಪೈಪಿನ ಬಾಯೊಳಕ್ಕೂ ಕೋಟಿಂಗ್ ಹೋಗಲೇಬೇಕು. ಗೌಂಡಿಗಳು ಅವಸರದಲ್ಲಿ ಬಿಟ್ಟುಬಿಡುವ ಜಾಗ ಈ ಪೈಪಿನ ಬಾಯಿ, ನಿಂತು ನೋಡಿಕೊಳ್ಳಿ. ಕೆಲಸಕ್ಕೆ ಮುನ್ನ ಒಂದು ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ತಾರಸಿಗೆ ಟೇಪಿನಿಂದ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದರಡಿ ಹನಿಗಟ್ಟಿದ್ದರೆ ಸ್ಲ್ಯಾಬ್ ಇನ್ನೂ ಹಸಿ. ಆಗಲೇ ಬಳಿದರೆ ಬಿಸಿಲಿಗೆ ಒಳಗಿನ ತೇವ ಆವಿಯಾಗಿ ಕೋಟಿಂಗ್ ಗುಳ್ಳೆಯೇಳುತ್ತದೆ. ಫೆಬ್ರುವರಿ–ಏಪ್ರಿಲ್ ಒಳ್ಳೆಯ ಕಾಲ, ಆದರೆ ಸುಡು ಮಧ್ಯಾಹ್ನ ಬೇಡ. ಕೋಟಿಂಗ್ ಪೂರ್ತಿ ಗಟ್ಟಿಯಾದ ಮೇಲೆ ಪೈಪ್ ಮುಚ್ಚಿ, 25 ಮಿ.ಮೀ. ನೀರು ನಿಲ್ಲಿಸಿ 48 ಗಂಟೆ ಕಾಯಿರಿ.

ಒಳಗೆ ಒಂದು ಹನಿಯೂ ಕಾಣದಿದ್ದರೆ ಮಾತ್ರ ಶಾಖದ ಕೆಲಸಕ್ಕೆ ಕೈಹಾಕಿ. ನಿಮ್ಮೂರಿನ ಬಿಸಿಲಿಗೆ 50 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ ನಮ್ಮ ಆಯ್ಕೆ. ಅದು ನೀರು ಹೀರುವುದು ತೀರಾ ಕಡಿಮೆ, ಹಾಗಾಗಿ ಕೋಟಿಂಗ್ ಮೇಲೆಯೇ ಹಾಸಬಹುದು. ಕೋಟಿಂಗಿಗೂ ಬಿಸಿಲಿನ ಕಾಟ ತಪ್ಪುತ್ತದೆ. ಸಂದುಗಳು ಒಂದೇ ಸಾಲಿಗೆ ಬಾರದಂತೆ ಹಲಗೆ ಜೋಡಿಸಿ, ಜಿಯೋಟೆಕ್ಸ್‌ಟೈಲ್ (ನೀರು ಸೋಸಿ ಬಿಡುವ ಬಟ್ಟೆ) ಹೊದಿಸಿ, ಮೇಲೆ ಮೆಶ್ ಇಟ್ಟ 50 ಮಿ.ಮೀ. ಕಾಂಕ್ರೀಟ್. ಅದನ್ನು ಸುಮಾರು 2 ಮೀಟರಿನ ಚೌಕಗಳಾಗಿ ಬಿಡಿಸಿ ಸಂದಿಗೆ ಸೀಲಂಟ್ ತುಂಬಿಸಿ. ಹಲಗೆಯಡಿ ಸೇರಿದ ನೀರೂ ಹರಿದುಹೋಗುವಂತೆ ಪೈಪಿನ ಬಾಯಿ ಕೋಟಿಂಗ್ ಮಟ್ಟದಲ್ಲೇ ಇರಬೇಕು. ಈ ಕಾಂಕ್ರೀಟ್ ಚದರ ಮೀಟರಿಗೆ ಸುಮಾರು 120 ಕೆ.ಜಿ. ತೂಗುತ್ತದೆ, ಎಂಜಿನಿಯರರಿಗೆ ಸ್ಲ್ಯಾಬ್ ತೋರಿಸದೆ ಹಾಕಿಸಬೇಡಿ.

ಪ್ರಶ್ನೆ: ತಾರಸಿಯಲ್ಲಿರುವ ಹಳೆಯ ಇಟ್ಟಿಗೆ ಚೂರಿನ ಪದರದ ಮೇಲೆಯೇ ಇನ್ನೊಂದು ಪದರ ಹಾಕಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. 100 ಮಿ.ಮೀ. ಪದರವೆಂದರೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ. ಹಳೆಯ ಪದರ ಕುಡಿದಿಟ್ಟುಕೊಂಡ ನೀರೂ ಒಳಗೇ ಉಳಿದು ಸ್ಲ್ಯಾಬಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ಹಳೆಯದನ್ನು ತೆಗೆಸಿ, ಸ್ಲ್ಯಾಬ್ ಒಣಗಿದ ಮೇಲೆ ಮುಂದಿನ ಕೆಲಸ ಹಿಡಿಸಿ.