21 ಯಾರ ಸರಾಸರಿ?

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹುಡುಗಿ ಟೆಕ್ಸಸ್‌ನಲ್ಲೇ ಬೆಳೆದವಳು, ಜೀವಶಾಸ್ತ್ರದ ಡಿಗ್ರಿಯಲ್ಲಿ ಕೊನೆಯ ವರ್ಷ. ಅಪ್ಪ ದಾವಣಗೆರೆ ಕಡೆಯವರು, ಐಟಿ ಕೆಲಸ. ಅಮೆರಿಕದ ದಂತವೈದ್ಯ ಕಾಲೇಜುಗಳಿಗೆ ಸೇರಲು ಬರೆಯುವ ಡ್ಯಾಟ್ ಪರೀಕ್ಷೆಯನ್ನು ಅವಳು 2024ರ ನವೆಂಬರ್‌ನಲ್ಲಿ ಬರೆದಿದ್ದಳು. ಅದರ ಮುಖ್ಯ ಅಂಕವಾದ ಅಕಾಡೆಮಿಕ್ ಆವರೇಜ್ 19 ಬಂದಿತ್ತು. 2025ರ ಏಪ್ರಿಲ್‌ನಲ್ಲಿ ಅಪ್ಪ, ಅಮ್ಮ, ಮಗಳು ಮೂವರೂ ಸಲಹೆ ಕೇಳಲು ನನ್ನ ಹತ್ತಿರ ಬಂದಾಗ, ಅರ್ಜಿಯನ್ನೇ ಹಾಕುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು.

ಅಪ್ಪನ ಲೆಕ್ಕ ಸರಳವಾಗಿತ್ತು. ಅಂಕದ ಅಳತೆ 1ರಿಂದ 30. ಹಾಗಾದರೆ 30ಕ್ಕೆ 19 ಅಂದರೆ ನೂರಕ್ಕೆ 63. “ಮೇಡಂ, ನಮ್ಮ ಕಾಲದಲ್ಲಿ 63 ತಗೊಂಡು ಡೆಂಟಲ್ ಅಂದ್ರೆ ಜನ ನಗ್ತಿದ್ರು” ಎಂದರು. ಲ್ಯಾಪ್‌ಟಾಪ್‌ನಲ್ಲಿ ಒಂದು ಪಟ್ಟಿ ತೆರೆದು ತೋರಿಸಿದರು. ಎಡಕ್ಕೆ ಕಾಲೇಜುಗಳ ಹೆಸರು, ಬಲಕ್ಕೆ ಅವುಗಳ ಸರಾಸರಿ. 21, 22, ಎಲ್ಲೋ ಒಂದು 23. ಮಗಳಿಗಿಂತ ಮೇಲಿದ್ದ ಕಾಲೇಜಿಗೆಲ್ಲ ಕೆಂಪು ಬಣ್ಣ. ಪಟ್ಟಿ ಹೆಚ್ಚುಕಡಿಮೆ ಪೂರ್ತಿ ಕೆಂಪಾಗಿತ್ತು.

ಅಮ್ಮ ಅಲ್ಲಿಯವರೆಗೆ ಮಾತಾಡಿರಲಿಲ್ಲ. “ಮನೇಲಿ ಇವಳ ಹೆಸರೇ ಹತ್ತೊಂಬತ್ತು ಅಂತಾಗಿದೆ” ಎಂದಷ್ಟೇ ಹೇಳಿದರು.

ಮೊದಲು ಅಪ್ಪನ 63 ಅನ್ನು ಬಿಡಿಸಬೇಕಿತ್ತು. ಡ್ಯಾಟ್ ಅಂಕ ಶೇಕಡಾವಾರು ಅಲ್ಲ. ಎಷ್ಟು ಪ್ರಶ್ನೆ ಸರಿಯಾಯಿತು ಎಂಬುದನ್ನು, ಪ್ರಶ್ನೆಪತ್ರಿಕೆಯ ಕಷ್ಟ ಸುಲಭಗಳನ್ನು ಸರಿದೂಗಿಸಿ, ಒಂದು ಅಳತೆಗೆ ಇಳಿಸುತ್ತಾರೆ. ಇದನ್ನು ಹೇಳಿದಾಗ ಅವರು ತಲೆಯಾಡಿಸಿದರು, ಒಪ್ಪಲಿಲ್ಲ. ಒಪ್ಪಿಸಿದ್ದು ಹೊಸ ಅಳತೆ. 2025ರ ಮಾರ್ಚ್‌ನಿಂದ ಡ್ಯಾಟ್ ಅಂಕ 200ರಿಂದ 600ರವರೆಗೆ, ಹತ್ತತ್ತರ ಮೆಟ್ಟಿಲಲ್ಲಿ ಬರುತ್ತದೆ. “ಏನೂ ಗೊತ್ತಿಲ್ಲದವನಿಗೂ 200 ಬರುತ್ತೆ. ನಿಮ್ಮ ಲೆಕ್ಕದಲ್ಲಿ ಅವನಿಗೆ ನೂರಕ್ಕೆ 33 ಬಂತು, ಅಲ್ವಾ?” ಅಂದೆ. ಕೋಡ್ ಬರೆಯುವ ಮನುಷ್ಯ, ತಕ್ಷಣ ಹಿಡಿದರು. ಸೊನ್ನೆಯಿಂದ ಶುರುವಾಗದ ಅಳತೆಯಲ್ಲಿ ಶೇಕಡಾ ತೆಗೆದರೆ ಅರ್ಥವಿಲ್ಲ ಎಂದು ಮಗಳಿಗೆ ಅವರೇ ಹೇಳತೊಡಗಿದರು. ಅವಳು ನನ್ನ ಕಡೆ ನೋಡಿ ಹುಬ್ಬೇರಿಸಿದಳು.

ಆಮೇಲೆ ಸರಾಸರಿಯ ವಿಷಯಕ್ಕೆ ಬಂದೆವು. ಹಳೆಯ ಅಳತೆಯಲ್ಲಿ ಪರೀಕ್ಷೆ ಬರೆದ ಎಲ್ಲರ ಸರಾಸರಿ 17–18ರ ಆಸುಪಾಸು. ಸೀಟು ಸಿಕ್ಕಿ ಮೊದಲ ವರ್ಷಕ್ಕೆ ಸೇರಿದವರ ಸರಾಸರಿ 20ರ ಸುತ್ತಮುತ್ತ. ಇವು ಎರಡು ಬೇರೆ ಗುಂಪುಗಳು. ಅರ್ಜಿ ಹಾಕಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೀಟು ಸಿಗುತ್ತದೆ. ಅಪ್ಪ ಮಗಳನ್ನು ಅಳೆದಿದ್ದು ಎರಡನೆಯ ಗುಂಪಿನ ಜೊತೆ, ಅದರಲ್ಲೂ ಅತಿ ಹೆಸರಾದ ಕಾಲೇಜುಗಳ ಜೊತೆ. ಹಾರ್ವರ್ಡ್‌ನ ದಂತವೈದ್ಯ ಶಾಲೆಯಲ್ಲಿ ಒಂದು ತರಗತಿಗೆ ಸುಮಾರು 35 ಜನ. ಅಷ್ಟು ಚಿಕ್ಕ ತರಗತಿಯ ಸರಾಸರಿಯನ್ನು ನಾಲ್ಕೈದು ಜನ ಎತ್ತಲೂಬಹುದು, ಇಳಿಸಲೂಬಹುದು.

ಇನ್ನೂ ಒಂದು ವಿಷಯ ಅವರ ಪಟ್ಟಿಯಲ್ಲಿ ಇರಲಿಲ್ಲ. ಒಂದು ಕಾಲೇಜಿನ ಸರಾಸರಿ 21 ಅಂದರೆ 21 ಅಲ್ಲಿನ ಕಟಾಫ್ ಅಲ್ಲ. ಅದಕ್ಕಿಂತ ಕೆಳಗಿನವರೂ ಅದೇ ತರಗತಿಯಲ್ಲಿ ಕೂತಿದ್ದಾರೆ. ನೀಟ್ ಕೌನ್ಸೆಲಿಂಗ್ ನೋಡಿ ಬಂದ ನಮ್ಮ ಜನಕ್ಕೆ ಇದು ಬೇಗ ಇಳಿಯುವುದಿಲ್ಲ. ಅಲ್ಲಿ ರ‍್ಯಾಂಕಿನ ಸಾಲು, ಕೊನೆಯ ಸೀಟು ಹೋದ ರ‍್ಯಾಂಕು, ಮುಗಿಯಿತು. ಇಲ್ಲಿ ಡಿಗ್ರಿಯ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್), ದಂತವೈದ್ಯರ ಜೊತೆ ಕಳೆದ ಗಂಟೆಗಳು, ಶಿಫಾರಸು ಪತ್ರ, ಸಂದರ್ಶನ ಎಲ್ಲ ಸೇರುತ್ತವೆ. ಸೇರಿದವರ ಜಿಪಿಎ ಸರಾಸರಿ 3.6ರ ಆಸುಪಾಸು, ಇವಳದು 3.7. ಆ ಕಾಲಮ್ಮೇ ಪಟ್ಟಿಯಲ್ಲಿರಲಿಲ್ಲ.

ಇಷ್ಟಾದ ಮೇಲೆ ಅಂಕಪಟ್ಟಿ ಕೇಳಿ ನೋಡಿದೆ. ಅಕಾಡೆಮಿಕ್ ಆವರೇಜ್ ಎನ್ನುವುದೇ ಐದು ಅಂಕಗಳ ಸರಾಸರಿ. ಇವಳಿಗೆ ಜೀವಶಾಸ್ತ್ರ 20, ಸಾಮಾನ್ಯ ರಸಾಯನ 18, ಸಾವಯವ ರಸಾಯನ 19, ಗಣಿತ 21, ಓದಿ ಅರ್ಥಮಾಡಿಕೊಳ್ಳುವ ವಿಭಾಗ 17. ಘನ ಎಣಿಸುವ, ಕಾಗದ ಮಡಿಸಿ ತೂತು ಊಹಿಸುವ ಪಿಎಟಿ ವಿಭಾಗದಲ್ಲಿ 20. ಪಿಎಟಿ ಆ ಐದರಲ್ಲಿ ಸೇರುವುದಿಲ್ಲ, ಕಾಲೇಜುಗಳು ಬೇರೆಯಾಗಿ ನೋಡುತ್ತವೆ. ಇಂಗ್ಲಿಷಿನಲ್ಲೇ ಬೆಳೆದ ಹುಡುಗಿಗೆ ಓದಿನಲ್ಲಿ ಯಾಕೆ 17?

ಕೇಳಿದೆ. ಮೂರು ಪಠ್ಯ, 50 ಪ್ರಶ್ನೆ, 60 ನಿಮಿಷ. ಮೂರನೆಯದರಲ್ಲಿ ಸಮಯ ಸಾಲದೆ ಏಳೆಂಟು ಪ್ರಶ್ನೆ ಖಾಲಿ ಬಿಟ್ಟಿದ್ದಳು. ಊಹಿಸಿ ಯಾವುದಾದರೂ ಒಂದು ಉತ್ತರಕ್ಕೆ ಗುರುತು ಹಾಕಬಹುದಿತ್ತಲ್ಲ ಅಂದರೆ, “ಆಂಟಿ, ಗೊತ್ತಿಲ್ಲದ್ದನ್ನ ಮುಟ್ಬೇಡ ಅಂತ ಅಪ್ಪ ಹೇಳ್ತಾರೆ” ಅಂದಳು. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ, ಊರಲ್ಲಿರುವ ಅಣ್ಣನ ಮಗನಿಗೆ ಅದು ಸರಿಯಾದ ಬುದ್ಧಿಮಾತು. ಡ್ಯಾಟ್‌ನಲ್ಲಿ ತಪ್ಪಿಗೆ ಏನೂ ಕಳೆಯುವುದಿಲ್ಲ. ಅಪ್ಪ ಲ್ಯಾಪ್‌ಟಾಪ್ ಮುಚ್ಚಿದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಅರ್ಜಿ ಮೇ ತಿಂಗಳಲ್ಲೇ ಹೋಗಲಿ. ಅರ್ಜಿಗಳನ್ನು ಬಂದ ಹಾಗೆ ನೋಡುತ್ತಾ ಹೋಗುವ ಕಾಲೇಜುಗಳೇ ಜಾಸ್ತಿ, ಒಂದು ಅಂಕಕ್ಕಾಗಿ ಸೆಪ್ಟೆಂಬರ್‌ವರೆಗೆ ಕಾಯುವುದು ನಷ್ಟ. ಟೆಕ್ಸಸ್‌ನ ಸರ್ಕಾರಿ ದಂತವೈದ್ಯ ಕಾಲೇಜುಗಳಲ್ಲಿ ಬಹುಪಾಲು ಸೀಟು ಆ ರಾಜ್ಯದವರಿಗೇ. ಅವುಗಳಿಗೆ ಟಿಎಂಡಿಎಸ್‌ಎಎಸ್ ಎಂಬ ಬೇರೆ ಅರ್ಜಿ ವ್ಯವಸ್ಥೆಯೂ ಇದೆ. ಸ್ಯಾನ್ ಆಂಟೋನಿಯೊ, ಹ್ಯೂಸ್ಟನ್, ಡಲ್ಲಾಸ್, ಎಲ್ ಪಾಸೊ ಊರುಗಳ ಈ ಕಾಲೇಜುಗಳು ಪಟ್ಟಿಯ ಮೇಲ್ಭಾಗಕ್ಕೆ ಬರಲಿ. ಪ್ರತಿ ಕಾಲೇಜಿನ ಮುಂದೆ ಸರಾಸರಿ ಒಂದೇ ಅಲ್ಲ, ಸೇರಿದವರ ಕನಿಷ್ಠ–ಗರಿಷ್ಠ ಅಂಕ ಸಿಕ್ಕರೆ ಅದನ್ನೂ, ಫೀಸನ್ನೂ ಬರೆಯಿರಿ. ಮರುಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಮನೆಯಲ್ಲಿ ಗಡಿಯಾರ ಇಟ್ಟು ಅಭ್ಯಾಸ ಪತ್ರಿಕೆ ಬರೆದ ಮೇಲೆ ಅವಳೇ ತೀರ್ಮಾನಿಸಲಿ. ಬರೆದರೂ ಹಳೆಯ ಅಂಕ ಅಳಿಸಿಹೋಗುವುದಿಲ್ಲ, ಕಾಲೇಜಿಗೆ ಎರಡೂ ಕಾಣುತ್ತವೆ. ಹಳೆಯ, ಹೊಸ ಅಳತೆಗಳನ್ನು ಹೋಲಿಸಲು ಪರೀಕ್ಷೆ ನಡೆಸುವ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಕೋಷ್ಟಕ ಕೊಟ್ಟಿದೆ, ಅದನ್ನೇ ನೋಡಿ. ಮನೆಯಲ್ಲಿ ಸ್ವಂತ ಸೂತ್ರ ಬೇಡ. ಈ ಕೊನೆಯ ಮಾತು ಅಪ್ಪನಿಗೆ.

ಇನ್ನೊಂದನ್ನು ಅಮ್ಮನೇ ಸೇರಿಸಿದರು: ಊಟದ ಹೊತ್ತಿಗೆ ಅಂಕದ ಮಾತು ಬೇಡ. ನಾನು ಅದನ್ನು ಎಲ್ಲಕ್ಕಿಂತ ಮೇಲೆ ಬರೆದುಕೊಟ್ಟೆ.

ಮೇ ಕೊನೆಗೆ ಅರ್ಜಿ ಹೋಯಿತು. ಜೂನ್‌ನಲ್ಲಿ ಅವಳು ಮತ್ತೆ ಬರೆದಳು, ಒಂದು ಪ್ರಶ್ನೆಯನ್ನೂ ಖಾಲಿ ಬಿಡಲಿಲ್ಲ. ಕೋಷ್ಟಕದಲ್ಲಿಟ್ಟು ನೋಡಿದರೆ ಓದಿನ ವಿಭಾಗ ಏರಿತ್ತು, ಸಾಮಾನ್ಯ ರಸಾಯನ ಇಳಿದಿತ್ತು, ಒಟ್ಟು ಸರಾಸರಿ ಹೆಚ್ಚೇನೂ ಕದಲಿರಲಿಲ್ಲ. ಟೆಕ್ಸಸ್‌ನ ಒಂದು ಕಾಲೇಜು ಸಂದರ್ಶನಕ್ಕೆ ಕರೆಯಿತು. ಆ ಕಾಲೇಜು ಅಪ್ಪನ ಹಳೆಯ ಪಟ್ಟಿಯಲ್ಲಿ ಕೆಂಪಾಗಿಯೇ ಇತ್ತು.