ಮಿನಿ ಬಸ್ಸಿನ ಮಂಚ: ಮೊದಲು ಬ್ರೇಕ್, ಆಮೇಲೆ ನಿದ್ದೆ

ನೀವು ಕೇಳಿರುವುದು ಇಷ್ಟು: ಶಾಲೆಯೊಂದು ಮಾರಿದ ಹಳೆಯ ಮಿನಿ ಬಸ್ ಕೊಂಡಿದ್ದೀರಿ. ಸೀಟು ತೆಗೆಸಿ, ಹಿಂಭಾಗದಲ್ಲಿ ಇಬ್ಬರು ಮಲಗುವ ಮಂಚ ಹಾಕಿಸಿ, ಅದರಡಿ ಪ್ರವಾಸದ ಸಾಮಾನೆಲ್ಲ ಇಡಬೇಕು. ಬಡಗಿಯೊಬ್ಬರು ಮನೆಯ ಬಾಕ್ಸ್ ಮಂಚದ ಹಾಗೆಯೇ 18 ಎಂಎಂ ಪ್ಲೈವುಡ್ಡಿನಲ್ಲಿ ಮಾಡಿಕೊಡುವುದಾಗಿ ಹೇಳಿದ್ದಾರೆ. ಒಪ್ಪಬಹುದೇ?

ಒಪ್ಪಬೇಡಿ. ಅವರ ಕೆಲಸ ಚೆನ್ನಾಗಿಯೇ ಇರಬಹುದು, ಆದರೆ ಮನೆಯ ಮಂಚ ಹೊರುವುದು ಕೆಳಮುಖದ ಭಾರವನ್ನು ಮಾತ್ರ. ಬಸ್ಸಿನ ಮಂಚ ಬ್ರೇಕ್ ಹಾಕಿದಾಗ ಮುಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ, ಹಂಪ್ ಹಾರಿದಾಗ ಮೇಲಕ್ಕೂ ಎಳೆತ ತಡೆಯಬೇಕು. ಒಣ ಡಾಂಬರು ರಸ್ತೆಯಲ್ಲಿ ಬ್ರೇಕ್ ಬಲವಾಗಿ ಒತ್ತಿದರೆ ಸಾಮಾನಿನ ತೂಕದ ಅರ್ಧಕ್ಕೂ ಹೆಚ್ಚು ಬಲ ಅದನ್ನು ಮುಂದಕ್ಕೆ ತಳ್ಳುತ್ತದೆ. ಮಂಚದಡಿ 200 ಕಿಲೋ ಇದ್ದರೆ 100 ಕಿಲೋಗೂ ಮೀರಿದ ತಳ್ಳು ನಿಮ್ಮ ಬೆನ್ನಿನ ಕಡೆಗೆ ಬರುತ್ತದೆ. ಅಪಘಾತವಾದರೆ ಇದು ಹಲವು ಪಟ್ಟಾಗುತ್ತದೆ. ಪ್ಲೈವುಡ್ಡಿನ ಅಂಚಿಗೆ ಹೊಡೆದ ಸ್ಕ್ರೂ ಅದನ್ನು ತಡೆಯಲಾರದು. ರಸ್ತೆಯ ಅದುರಾಟಕ್ಕೆ ಪದರಗಳು ಬಿಡುತ್ತಾ, ರಂಧ್ರ ಅಗಲವಾಗುತ್ತಾ, ಸ್ಕ್ರೂ ಕೈಯಲ್ಲೇ ತಿರುಗಿಸುವಷ್ಟು ಸಡಿಲವಾಗುತ್ತದೆ.

ನಾನು ಇಂಥದ್ದೇ ಮಿನಿ ಬಸ್ಸಿಗೆ ಮಂಚ ಕಟ್ಟಿಕೊಂಡು ಮಲೆನಾಡು, ಕರಾವಳಿ ಸುತ್ತುತ್ತಿರುವವನು. ಮುಂದೆ ಹೇಳುವ ಅಳತೆಗಳು ನನ್ನ ಬಸ್ಸಿನವು. ನಿಮ್ಮದನ್ನು ಟೇಪ್ ಹಿಡಿದು ಅಳೆದು, ನಂತರ ಲೆಕ್ಕ ಹಾಕಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಆರ್‌ಟಿಒ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಸೀಟುಗಳ ಸಂಖ್ಯೆಯೂ ಆ ವಿವರಗಳಲ್ಲಿ ಸೇರಿದೆ. ಮೋಟಾರು ಕ್ಯಾರವಾನ್‌ಗಳಿಗೆ (ಒಳಗೇ ಮಲಗಿ ವಾಸಿಸುವಂಥ ವಾಹನಗಳಿಗೆ) ಎಐಎಸ್-124 ಎಂಬ ಪ್ರತ್ಯೇಕ ವಾಹನ ಉದ್ಯಮ ಮಾನದಂಡವೇ ಇದೆ. ಸೀಟು ಬಿಚ್ಚುವ ಮುನ್ನ ಕಚೇರಿಗೆ ಹೋಗಿ ಕೇಳಿ, ವಿಮೆಯವರಿಗೂ ತಿಳಿಸಿ. ಇನ್ನೊಂದು ಮಾತು: ಬಸ್ ಓಡುವಾಗ ಮಂಚದ ಮೇಲೆ ಯಾರೂ ಇರಕೂಡದು, ಮಕ್ಕಳಂತೂ ಖಂಡಿತ ಬೇಡ. ಎಷ್ಟು ಜನ ಪ್ರಯಾಣಿಸುತ್ತೀರೋ ಅಷ್ಟು ಬೆಲ್ಟ್ ಇರುವ ಸೀಟುಗಳನ್ನು ಉಳಿಸಿಕೊಂಡು, ಮಿಕ್ಕ ಜಾಗದಲ್ಲಿ ಮಂಚದ ಯೋಚನೆ ಮಾಡಿ.

ಮಂಚ ಅಡ್ಡಲೋ ಉದ್ದಲೋ ಎಂಬುದು ಮುಂದಿನ ಪ್ರಶ್ನೆ. ನನ್ನ ಬಸ್ಸಿನ ಒಳಗೋಡೆಗಳ ನಡುವೆ 80 ಇಂಚು ಇತ್ತು. ಎರಡೂ ಕಡೆ ಶಾಖನಿರೋಧಕ ಮತ್ತು ಹಲಗೆ ಹೊಡೆದ ಮೇಲೆ 78 ಉಳಿಯಿತು. ಆರಡಿ ಎತ್ತರದವರು ಅಡ್ಡಲಾಗಿ ಕಾಲು ಚಾಚಿ ಮಲಗಲು ಇಷ್ಟು ಸಾಕು. ಹಾಗೆ ಮಲಗಿದರೆ ಬಸ್ಸಿನ ಉದ್ದದಲ್ಲಿ ಐದಡಿ ಕೊಟ್ಟರೆ ಇಬ್ಬರಿಗೆ ಸಾಕಾಗುತ್ತದೆ. ಉದ್ದಕ್ಕೆ ಮಲಗಿದರೆ ಆರೂವರೆ ಅಡಿ ಬೇಕು. ಉಳಿದ ಒಂದೂವರೆ ಅಡಿಯಲ್ಲಿ ಒಂದು ಅಡುಗೆ ಕಟ್ಟೆಯೇ ಕೂರುತ್ತದೆ. ಅಡ್ಡ ಮಂಚದಲ್ಲಿ ತಲೆ ಬಲಗಡೆಗೆ, ಅಂದರೆ ಚಾಲಕನ ಬದಿಗೆ ಬರಲಿ. ನಮ್ಮ ರಸ್ತೆಗಳು ಮಳೆನೀರು ಹರಿದುಹೋಗಲೆಂದು ಅಂಚಿನ ಕಡೆಗೆ ಇಳಿಜಾರಾಗಿರುತ್ತವೆ. ಎಡಬದಿಗೆ ನಿಲ್ಲಿಸಿದ ಬಸ್ಸಿನ ಬಲಭಾಗ ತುಸು ಮೇಲಿರುವುದರಿಂದ ತಲೆಯೂ ಮೇಲಿರುತ್ತದೆ. ತಿರುಗುಮುರುಗಾದರೆ ರಾತ್ರಿಯೆಲ್ಲ ರಕ್ತ ತಲೆಗೇರಿದಂತಾಗಿ ನಿದ್ದೆ ಬರುವುದಿಲ್ಲ.

ಎತ್ತರವನ್ನು ಮೇಲಿನಿಂದ ಕೆಳಗೆ ಲೆಕ್ಕ ಹಾಕಿ. ನೆಲ ಮತ್ತು ಚಾವಣಿಯ ಕೆಲಸ ಮುಗಿದ ಮೇಲೆ ನನಗೆ 71 ಇಂಚು ಸಿಕ್ಕಿತು. ಹಾಸಿಗೆಯ ಮೇಲೆ ನೆಟ್ಟಗೆ ಕುಳಿತಾಗ ತಲೆ ತಾಗದಿರಲು 38 ಇಂಚು ಬಿಟ್ಟೆ. ಹಾಸಿಗೆಗೆ 5, ಅದರಡಿಯ ಮರದ ಪಟ್ಟಿ ಮತ್ತು ಚೌಕಟ್ಟಿನ ಪೈಪಿಗೆ ಎರಡೂಕಾಲು. ಕೆಳಗೆ ಉಳಿದದ್ದು 25 ಇಂಚಿಗೆ ತುಸು ಮೇಲೆ. 20 ಲೀಟರಿನ ನೀರಿನ ಕ್ಯಾನ್ ಸುಮಾರು 20 ಇಂಚು ಎತ್ತರವಿರುತ್ತದೆ, ಅದು ನಿಂತೇ ಒಳಗೆ ಹೋಗುತ್ತದೆ. ಹಾಸಿಗೆಯ ಮೇಲ್ಮೈ ನೆಲದಿಂದ 33 ಇಂಚು ಮೇಲಿರುವುದರಿಂದ ಹತ್ತಲು ಮೆಟ್ಟಿಲು ಬೇಕು. ನಾನು ಚಪ್ಪಲಿ, ಶೂ ಹಾಕುವ ಪೆಟ್ಟಿಗೆಯನ್ನೇ ಮೆಟ್ಟಿಲು ಮಾಡಿ ನೆಲಕ್ಕೆ ಬೋಲ್ಟ್ ಹಾಕಿದ್ದೇನೆ. ಜಾಗದ ಆಸೆಗೆ ಮಂಚವನ್ನು ಇನ್ನೂ ಎತ್ತರಿಸಬೇಡಿ. ಕುಳಿತು ಪುಸ್ತಕ ಓದಲಾಗದ ಮಂಚ ಮಳೆ ಹಿಡಿದ ದಿನ ಬಲು ಬೇಸರ ತರಿಸುತ್ತದೆ.

ಈಗ ಕಟ್ಟುವ ವಿಚಾರ. ನನ್ನ ಆಯ್ಕೆ ಕಬ್ಬಿಣದ ಸ್ಕ್ವೇರ್ ಪೈಪ್: ಕಾಲು ಮತ್ತು ಹೊರ ಚೌಕಟ್ಟಿಗೆ ಒಂದೂವರೆ ಇಂಚಿನದು, ಒಳಗಿನ ಅಡ್ಡ ಪೈಪಿಗೆ ಒಂದಿಂಚಿನದು, ಎರಡೂ 16 ಗೇಜ್, ಅಂದರೆ ತಗಡು ಸುಮಾರು 1.6 ಎಂಎಂ ದಪ್ಪ. ಅಡ್ಡ ಪೈಪುಗಳ ನಡುವೆ ಒಂದೂವರೆ ಅಡಿಗಿಂತ ಹೆಚ್ಚು ಅಂತರ ಬೇಡ. ಮರದ ಪಟ್ಟಿಗಳೂ ಸೇರಿ ಇಡೀ ಮಂಚ 65-70 ಕಿಲೋ ತೂಗುತ್ತದೆ. 18 ಎಂಎಂ ಪ್ಲೈವುಡ್ಡಿನ 8×4 ಹಾಳೆ ಒಂದೇ ಸುಮಾರು 35 ಕಿಲೋ ಇರುವುದರಿಂದ, ಮೂರು ಹಾಳೆ ಮುಗಿಸುವ ಬಾಕ್ಸ್ ಮಂಚ ನೂರು ಕಿಲೋ ದಾಟುತ್ತದೆ. ಹೆಚ್ಚು ತೂಗುವುದು ಪ್ಲೈವುಡ್, ಹೆಚ್ಚು ತಡೆಯುವುದು ಕಬ್ಬಿಣ.

ಚೌಕಟ್ಟನ್ನು ತುಂಡುಗಳಾಗಿ ಹೊರಗೇ ವೆಲ್ಡಿಂಗ್ ಮಾಡಿಸಿ, ಒಳಗೆ ಬೋಲ್ಟ್‌ನಿಂದ ಜೋಡಿಸಿ. ಬಸ್ಸಿನ ಮೈಗೆ ನೇರವಾಗಿ ವೆಲ್ಡಿಂಗ್ ಬೇಡ. ಸುಟ್ಟ ಜಾಗದಿಂದ ತುಕ್ಕು ಶುರುವಾಗುತ್ತದೆ, ವೈರಿಂಗ್‌ಗೂ ಅಪಾಯ, ಮುಂದೆ ನೆಲ ರಿಪೇರಿಗೆ ಬಂದರೆ ಮಂಚವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಪ್ರತಿ ಕಾಲಿನ ಬುಡಕ್ಕೆ ಮೂರಿಂಚು ಚೌಕದ, 5 ಎಂಎಂ ದಪ್ಪದ ಪ್ಲೇಟ್ ಇರಲಿ. ಅದರಿಂದ 10 ಎಂಎಂ ಬೋಲ್ಟ್ ಇಳಿಸಿ, ನೆಲದ ಕೆಳಗೂ ಅಷ್ಟೇ ಅಗಲದ ಇನ್ನೊಂದು ಪ್ಲೇಟ್ ಕೊಟ್ಟು, ನೈಲಾಕ್ ನಟ್ (ಅದುರಾಟಕ್ಕೆ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಬಿಗಿಸಿ. ಕೆಳಗೆ ಬರೀ ವಾಷರ್ ಹಾಕಿದರೆ ಜೋರಾದ ಎಳೆತಕ್ಕೆ ಅದು ತಗಡನ್ನು ಹರಿದುಕೊಂಡು ಮೇಲೆ ಬರಬಹುದು. ಎರಡು ಬದಿಗಳಲ್ಲಿ ಚೌಕಟ್ಟನ್ನು ಬಸ್ಸಿನ ಬಾಡಿ ಕಂಬಗಳಿಗೇ ಬಿಗಿಯಿರಿ, ಕಂಬಗಳ ನಡುವಿನ ತಗಡಿಗೆ ಸ್ಕ್ರೂ ಹೊಡೆದರೆ ಏನೂ ಹಿಡಿಯುವುದಿಲ್ಲ. ಡ್ರಿಲ್ ಮಾಡುವ ಮುನ್ನ ಒಬ್ಬರು ಬಸ್ಸಿನಡಿ ಮಲಗಿ ನೋಡಲೇಬೇಕು: ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ವೈರಿಂಗ್ ಎಲ್ಲವೂ ಅಲ್ಲೇ ಹಾದುಹೋಗುತ್ತವೆ. ಹಳೆಯ ನೆಲಹಾಸನ್ನು ಕಿತ್ತು, ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿಯುವ ಕೆಲಸ ಇದಕ್ಕೂ ಮೊದಲೇ ಮುಗಿದಿರಲಿ.

ಸಾಮಾನಿನ ಜಾಗದ ಬಾಯಿ ಯಾವ ಕಡೆ ಇರಬೇಕು ಎಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ನೋಡಲು ಚೆಂದವೆಂದು ಮುಂದುಗಡೆಗೆ ಸಾಲಾಗಿ ಡ್ರಾಯರ್ ಮಾಡಿಸುತ್ತಾರೆ. ಬ್ರೇಕ್ ಒತ್ತಿದಾಗ ಎಲ್ಲವೂ ನುಗ್ಗುವುದು ಮುಂದಕ್ಕೇ, ಹಾಗಾಗಿ ಆ ಡ್ರಾಯರ್‌ಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಭಾರದ ಸಾಮಾನಿಗೆ ಬಾಯಿ ಹಿಂದೆ, ಡಿಕ್ಕಿಯ ಕಡೆಗೆ ಇರಲಿ. ಮುಂದಿನ ಮುಖವನ್ನು 12 ಎಂಎಂ ಪ್ಲೈವುಡ್ಡಿನಿಂದ ಮುಚ್ಚಿ, ಅದರ ಮುಂಬದಿಗೆ ಎರಡು ಅಡ್ಡ ಪೈಪ್ ಕೊಡಿ. ಹಲಗೆ ಪೈಪಿನ ಒಳಬದಿಗೆ ಬಂದರೆ ತಳ್ಳುವ ಬಲವನ್ನು ಪೈಪ್ ಹೊರುತ್ತದೆ, ಹೊರಬದಿಗೆ ಬಂದರೆ ಸ್ಕ್ರೂ ಮಾತ್ರ ಹೊರಬೇಕಾಗುತ್ತದೆ. ಬಟ್ಟೆ, ಹೊದಿಕೆಯಂಥ ಹಗುರ ವಸ್ತುಗಳಿಗೆ ಮುಂದೆ ಒಂದೆರಡು ಡ್ರಾಯರ್ ಇದ್ದರೆ ಅಡ್ಡಿಯಿಲ್ಲ. ಆದರೆ ಚಾನೆಲ್‌ನ (ಡ್ರಾಯರ್ ಜಾರುವ ಹಳಿಯ) ಹಿಡಿತವನ್ನು ನಂಬಬೇಡಿ. ಡ್ರಾಯರ್ ಮುಂದೆ ಮುಕ್ಕಾಲು ಇಂಚಿನ ಹೊಸ್ತಿಲು ಕೊಟ್ಟು, ಎತ್ತಿ ಎಳೆದರೆ ಮಾತ್ರ ಹೊರಬರುವಂತೆ ಮಾಡಿಸಿ. ಮೇಲೊಂದು ಟವರ್ ಬೋಲ್ಟ್ ಕೂಡ ಇರಲಿ. ಹಿಂದಿನ ಬಾಗಿಲಿಗೂ ಬಲವಾದ ಚಿಲಕ ಬೇಕು: ಶಿರಾಡಿ ಘಾಟಿ ಹತ್ತುವಾಗ ಎಲ್ಲ ಸಾಮಾನೂ ಹಿಂದಕ್ಕೆ ಒರಗುತ್ತದೆ. ಹಿಂದೆ ತುರ್ತು ನಿರ್ಗಮನವಿದ್ದರೆ, ಮಂಚದ ಮೇಲಿನಿಂದ ಅದು ಒಂದೇ ಕೈಯಲ್ಲಿ ತೆರೆಯುವಂತೆ ಉಳಿಯಬೇಕು.

ಭಾರವನ್ನು ಎಲ್ಲಿ ಇಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಹಿಂದಿನ ಆಕ್ಸಲ್‌ನಿಂದಾಚೆ ಬಾಡಿ ವೀಲ್‌ಬೇಸಿನ (ಮುಂದಿನ ಮತ್ತು ಹಿಂದಿನ ಚಕ್ರಗಳ ಅಚ್ಚುಗಳ ನಡುವಿನ ದೂರದ) 60%ವರೆಗೂ ಚಾಚಲು ನಿಯಮದಲ್ಲಿ ಅವಕಾಶವಿದೆ, ಮಂಚ ಬರುವುದೂ ಅಲ್ಲಿಯೇ. ವೀಲ್‌ಬೇಸ್ 3.4 ಮೀಟರ್ ಇರುವ ಬಸ್ಸಿನಲ್ಲಿ ಆಕ್ಸಲ್‌ಗಿಂತ ಒಂದೂವರೆ ಮೀಟರ್ ಹಿಂದೆ 100 ಲೀಟರ್ ನೀರು ಇಟ್ಟರೆ ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 44 ಕಿಲೋ ಇಳಿಯುತ್ತದೆ. ಸ್ಟಿಯರಿಂಗ್ ಹಗುರವೆನಿಸುವುದು, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರದ ಹಿಡಿತ ತಪ್ಪುವುದು ಇದರಿಂದಲೇ. ನೀರು, ಬ್ಯಾಟರಿ, ಟೂಲ್ ಪೆಟ್ಟಿಗೆ ಆಕ್ಸಲ್‌ನ ಮೇಲೋ ಅದಕ್ಕೂ ಮುಂದೋ, ನೆಲಕ್ಕೆ ತಾಗಿದಂತೆ, ಎರಡೂ ಬದಿಗೆ ಸಮನಾಗಿ ಹಂಚಿಕೊಂಡಿರಲಿ. ತೀರಾ ಹಿಂದೆ ಟೆಂಟ್, ಚಾಪೆ, ಮಡಚುವ ಕುರ್ಚಿಯಂಥ ಹಗುರವಾದವು ಸಾಕು.

ಎರಡು ವಸ್ತು ಮಂಚದಡಿ ಬರಲೇಬಾರದು. ಒಂದು ಗ್ಯಾಸ್ ಸಿಲಿಂಡರ್, ಐದು ಕಿಲೋದ್ದಾದರೂ ಸರಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮಂಚದಡಿಯ ಮುಚ್ಚಿದ ಜಾಗದಲ್ಲೇ ಮಡುಗಟ್ಟುತ್ತದೆ, ಸ್ವಿಚ್ಚಿನ ಒಂದು ಕಿಡಿ ಸಾಕು. ನೆಲಮಟ್ಟದಲ್ಲಿ ಹೊರಕ್ಕೆ ಗಾಳಿಕಂಡಿ ಇರುವ, ಒಳಕ್ಕೆ ಸಂಪರ್ಕವಿಲ್ಲದ ಬೇರೆ ಗೂಡು ಅದಕ್ಕೆ ಬೇಕು. ಇನ್ನೊಂದು, ಮನೆಯ ಇನ್ವರ್ಟರ್‌ನಿಂದ ತಂದ ಟ್ಯೂಬುಲಾರ್ ಬ್ಯಾಟರಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಅಲುಗಾಡಿದರೆ ಆಮ್ಲ ಚೆಲ್ಲುತ್ತದೆ. ಬ್ಯಾಟರಿ ಒಳಗೇ ಇರಬೇಕೆಂದರೆ ಲಿಥಿಯಂ ಐರನ್ ಫಾಸ್ಫೇಟ್ ಕೊಂಡು, ಫ್ಯೂಸ್ ಹಾಕಿ, ಪಟ್ಟಿಯಿಂದ ಬಿಗಿದು ಇಡಿ.

ಮಂಚದ ಮೇಲ್ಭಾಗಕ್ಕೆ ಪೂರ್ತಿ ಹಲಗೆ ಹಾಸಬೇಡಿ. ಮೂರಿಂಚು ಅಗಲ, ಮುಕ್ಕಾಲು ಇಂಚು ದಪ್ಪದ ಮರದ ಪಟ್ಟಿಗಳನ್ನು ಎರಡೆರಡು ಇಂಚು ಅಂತರ ಬಿಟ್ಟು ಹೊಡೆಯಿರಿ. ಮಲಗಿದವರ ಉಸಿರು ಮತ್ತು ಬೆವರಿನ ತೇವ ಹಾಸಿಗೆಯೊಳಗಿಂದ ಕೆಳಗಿಳಿದು, ತಣ್ಣನೆಯ ಹಲಗೆ ಸಿಕ್ಕಲ್ಲಿ ನೀರಾಗುತ್ತದೆ. ಜುಲೈನಲ್ಲಿ ಆಗುಂಬೆ ಕಡೆ ಕೆಲವು ರಾತ್ರಿ ಕಳೆದು ಹಾಸಿಗೆ ಎತ್ತಿ ನೋಡಿದರೆ, ಗಾಳಿಯಾಡದ ಮಂಚದಲ್ಲಿ ಕಪ್ಪು ಬೂಷ್ಟಿನ ಚುಕ್ಕೆಗಳು ಕಾಣುತ್ತವೆ. ಪಟ್ಟಿಗೆ ತೇಗ ಒಳ್ಳೆಯದು, ದುಬಾರಿಯಾದರೆ ಮತ್ತಿ ಆದೀತು. ಸಿಲ್ವರ್ ಓಕ್ ಅಗ್ಗವೆಂದು ತಂದರೆ ಹುಳು ಹಿಡಿಯದಂತೆ ಔಷಧಿ ಹೊಡೆಸಲೇಬೇಕು. ಗೋಡೆಗೂ ಹಾಸಿಗೆಗೂ ನಡುವೆ ಒಂದಿಂಚು ಬಿಡಿ.

ಹಾಸಿಗೆಯನ್ನು ಎರಡು ಭಾಗ ಮಾಡಿಸಿ. ನನ್ನದು ಒಂದೊಂದು ಎರಡೂವರೆ ಅಡಿ ಅಗಲದ, ಹೊಲಿದ ಹೊದಿಕೆಯ ಹತ್ತಿ ಹಾಸಿಗೆ. ಫೋಮ್‌ನಷ್ಟು ಮೆತ್ತಗಿಲ್ಲ, ಆದರೆ ಬಿಸಿಲು ಬಂದ ದಿನ ಒಬ್ಬರೇ ಎತ್ತಿ ಬಸ್ಸಿನ ಟಾಪಿಗೆ ಹಾಕಿ ಒಣಗಿಸಬಹುದು, ಕೆಳಗಿನ ಸಾಮಾನು ತೆಗೆಯುವಾಗ ಅರ್ಧ ಮಡಚಿದರೆ ಸಾಕು. ಬೋಲ್ಟ್‌ಗಳನ್ನು ಮೊದಲ ಘಾಟಿ ಪ್ರಯಾಣ ಮುಗಿದ ಕೂಡಲೇ ಒಮ್ಮೆ, ಆಮೇಲೆ ಪ್ರತಿ ಸರ್ವಿಸ್‌ನಲ್ಲಿ ಸ್ಪ್ಯಾನರ್ ಹಾಕಿ ನೋಡಿ. ಪ್ರತಿ ನಟ್ಟಿನ ಮೇಲೆ ಬಣ್ಣದಿಂದ ಒಂದು ಗೆರೆ ಎಳೆದಿಟ್ಟರೆ ಅದು ತಿರುಗಿದೆಯೋ ಇಲ್ಲವೋ ಎಂಬುದು ಬಗ್ಗಿ ನೋಡಿದಾಕ್ಷಣ ತಿಳಿಯುತ್ತದೆ. ಚಕ್ರದ ಗೂಡು ಒಳಗೆ ಎಷ್ಟು ಉಬ್ಬಿದೆ, ಹಿಂದಿನ ಬಾಗಿಲಿನ ಅಗಲವೆಷ್ಟು ಎಂದು ಬರೆದರೆ ಕಾಲುಗಳು ಎಲ್ಲೆಲ್ಲಿ ಬರಬೇಕೆಂದು ಗುರುತಿಸಿ ಹೇಳುತ್ತೇನೆ.